ಕುರ್ಚಿಯ ಅಡಿಯ ಗುರುತು

ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವ ಹುಡುಗಿ ಡಿಗ್ರಿ ಮಾಡುವುದುಂಟೇ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಮನೆಯಲ್ಲಿ ಕನ್ನಡವನ್ನೇ ಆಡಿದರೂ ತೀರ್ಪುಗಳನ್ನು ಮಾತ್ರ ಅವರು ತೆಲುಗಿನಲ್ಲಿ ಕೊಡುತ್ತಿದ್ದರು. “ಅಯ್ಯೇ ಪನಿ ಕಾದಮ್ಮಾ,” ಎಂದರೆ ಆಗುವ ಕೆಲಸವಲ್ಲ ಎಂದರ್ಥ. ಅದಕ್ಕೆ ಮೇಲ್ಮನವಿ ಇರಲಿಲ್ಲ. ಆದರೂ ಆ ಚಟ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಯಾರದಾದರೂ ಮನೆಗೆ ಹೋದಾಗ ಅವರು ಕಾಫಿ ತರಲು ಒಳಗೆ ಹೋದದ್ದೇ ತಡ, ನಾನು ಎದ್ದು ಕುರ್ಚಿಯನ್ನು ಮಗುಚಿ ಅದರ ಅಡಿಯನ್ನು ನೋಡುತ್ತೇನೆ. ಒಮ್ಮೆ ಹಾಗೆ ಮಗುಚಿಕೊಂಡು ನಿಂತಿದ್ದಾಗ ಮನೆಯೊಡತಿ ಹಿಂದಿರುಗಿ, “ತಿಗಣೆ ಏನಾದ್ರೂ ಕಡೀತಾ?” ಎಂದು ಗಾಬರಿಯಾದರು. ಬಿಡುವಾದಾಗ ನೀವೂ ಒಂದು ಸಲ ನೋಡಿ. ಮೇಲ್ಗಡೆಯೆಲ್ಲ ನಯವಿನಯದಿಂದ ಮೆರೆಯುವ ವಸ್ತುಗಳು ತಮ್ಮ ಕುಲಗೋತ್ರ ಹೇಳುವುದು ಅಡಿಯಲ್ಲೇ.

ಈ ವಿದ್ಯೆ ನನಗೆ ಬಂದದ್ದು ವಿಶ್ವವಿದ್ಯಾಲಯದಿಂದಲ್ಲ, ಮುಳಬಾಗಿಲಿನಲ್ಲಿ ಅಪ್ಪನೂ ದೊಡ್ಡಪ್ಪನೂ ಸೇರಿ ನಡೆಸುತ್ತಿದ್ದ ಶಾಮಿಯಾನ ಅಂಗಡಿಯಿಂದ. ಮದುವೆ ದೊಡ್ಡದಾದರೆ ಒಂದು ಅಂಗಡಿಯ ಸಾಮಾನು ಸಾಲದು. ಗಂಡಿನವರು ತಮ್ಮೂರಿನಿಂದ, ಹೆಣ್ಣಿನವರು ತಮ್ಮೂರಿನಿಂದ ತರಿಸುತ್ತಿದ್ದರು. ಬೀಗರು ಬೆರೆಯುವ ಮೊದಲೇ ಕುರ್ಚಿಗಳು ಬೆರೆತುಹೋಗುತ್ತಿದ್ದವು. ಅವನ್ನು ಬೇರ್ಪಡಿಸಲೆಂದೇ ಪ್ರತಿ ವಸ್ತುವಿನ ಅಡಿಯಲ್ಲೂ ಆಯಾ ಅಂಗಡಿಯ ಗುರುತು. ನಮ್ಮದು ಕೆಂಪು ಬಣ್ಣದ ‘ರಾ’. ಸಾಮಾನು ವಾಪಸು ಬಂದಾಗ ಕೊಳಗ, ಬಕೆಟ್ಟು, ಕುರ್ಚಿಗಳನ್ನು ಮಗುಚಿ ‘ರಾ’ ಇದೆಯೇ ಎಂದು ಕೂಗಿ ಹೇಳುವುದು ನನ್ನ ಕೆಲಸ. ನಾನು ಕಲಿತ ಮೊದಲ ಅಕ್ಷರ ಅದೇ ಆದದ್ದರಿಂದ, ಶಾಲೆಯಲ್ಲಿ ‘ಅ’ ಎಂದು ಶುರು ಮಾಡಿದಾಗ ಮೇಷ್ಟ್ರು ಪಾಠವನ್ನು ತಪ್ಪು ತುದಿಯಿಂದ ಹಿಡಿದಿದ್ದಾರೆ ಎನಿಸಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಪಿಯುಸಿ ಮುಗಿದಾಗ, ಕೋಲಾರದ ಡ್ರಾಯಿಂಗ್ ಮೇಷ್ಟ್ರೊಬ್ಬರು ಇಂಡಸ್ಟ್ರಿಯಲ್ ಡಿಸೈನ್ ಎಂಬ ಪದವಿಯೊಂದಿದೆ, ಕುರ್ಚಿ ಬಕೆಟ್ಟುಗಳು ಹೇಗಿರಬೇಕೆಂದು ಅಲ್ಲಿ ಕಲಿಸುತ್ತಾರೆ ಎಂದರು. ಪ್ರವೇಶ ಪರೀಕ್ಷೆಯಲ್ಲಿ ಕುರ್ಚಿಯ ಚಿತ್ರ ಬರೆಯಲು ಹೇಳಿದರು. ಎಲ್ಲರೂ ಮುಂದಿನಿಂದ ಬರೆದರೆ ನಾನು ಅಡಿಯಿಂದ ಬರೆದೆ. ಬೇರೆ ದಿಕ್ಕಿನಿಂದ ನಾನು ಕುರ್ಚಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸೀಟು ಸಿಕ್ಕಿತು.

“ಇಂಡಸ್ಟ್ರಿ ಅಂದ್ರೆ ಫ್ಯಾಕ್ಟ್ರಿ, ಡಿಸೈನ್ ಅಂದ್ರೆ ಸೀರೆ ಅಂಚು. ಫ್ಯಾಕ್ಟ್ರೀಗೆ ಅಂಚು ಹಾಕೋಕೆ ನಾಲ್ಕು ವರ್ಷ ಓದ್ಬೇಕಾ?” ಎಂದರು ದೊಡ್ಡಪ್ಪ. “ನಿನ್ನ ಬಿಟ್ರೆ ನಮ್ಮನೇಲಿ ಎಸ್ಸೆಲ್ಸಿ ದಾಟಿದೋರೇ ಇಲ್ಲ. ಅಯ್ಯೇ ಪನಿ ಕಾದು.” ಅಪ್ಪ ಮಾತ್ರ ನನ್ನ ಟ್ರಂಕಿನ ಅಡಿಗೆ ಕೆಂಪು ‘ರಾ’ ಬರೆದು ಬಸ್ಸಿನ ಮೇಲೆ ಹಾಕಿಸಿದರು.

ಮೊದಲ ವರ್ಷ ಪಾಠದ ಇಂಗ್ಲಿಷು ತಲೆಗೆ ಹತ್ತಲೇ ಇಲ್ಲ. ಸಹಪಾಠಿಗಳು ಒಂದು ಹೂಜಿಯ ಅಂಗಸೌಷ್ಠವವನ್ನು ಗಂಟೆಗಟ್ಟಲೆ ವರ್ಣಿಸುತ್ತಿದ್ದರೆ, ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿ ನಾನು ನಗೆಪಾಟಲಾಗುತ್ತಿದ್ದೆ. ಫೇಲಾದೆ, ಮತ್ತೆ ಕಟ್ಟಿದೆ, ಪಾಸಾದೆ. ಹೇಗೋ ಕೊನೆಯ ವರ್ಷಕ್ಕೆ ಬಂದು ನಿಂತೆ. ಈಗ ಸ್ವಂತ ವಿನ್ಯಾಸದ ವಸ್ತುವೊಂದನ್ನು ಮಾಡಿ, ಜನರಿಗೆ ಬಳಸಲು ಕೊಟ್ಟು ನೋಡಿ, ಪರೀಕ್ಷಕರ ಮುಂದಿಡಬೇಕು, ಇಲ್ಲದಿದ್ದರೆ ಪದವಿಯಿಲ್ಲ. ನಮ್ಮ ಅಂಗಡಿಯ ಮಡಿಸುವ ಕಬ್ಬಿಣದ ಕುರ್ಚಿಗಳು ಮನೆಮಂದಿಯ ಬೆರಳುಗಳನ್ನೆಲ್ಲ ಒಂದಲ್ಲ ಒಂದು ದಿನ ಕಚ್ಚಿದ್ದವು. ನಾನು ಕಚ್ಚದ ಕುರ್ಚಿ ಮಾಡಿದೆ. ಕೀಲು ಬದಲಾಯಿತು, ಬೆನ್ನಿಗೊಂದು ಬಾಗು ಬಂತು. ಉಳಿದಂತೆ ಅದೇ ಬೂದು ಬಣ್ಣ, ಅದೇ ರೂಪ.

ಜನ ಕೂತು ನೋಡಲೆಂದು ಶ್ರೀನಿವಾಸಪುರದ ಮದುವೆಯೊಂದಕ್ಕೆ ಅದನ್ನು ಸಾಗಿಸುವ ಮುನ್ನ ದೊಡ್ಡಪ್ಪ ಬ್ರಷ್ಷು ಚಾಚಿದರು. “ಗುರ್ತು ಹಾಕಮ್ಮ.”

“ಇದು ಬಾಡಿಗೆ ಕುರ್ಚಿ ಅಲ್ಲ ದೊಡ್ಡಪ್ಪ, ಡಿಸೈನು. ಅಡೀಲೂ ಕ್ಲೀನಾಗಿರ್ಬೇಕು,” ಎಂದೆ. ವಿದ್ಯೆ ನೆತ್ತಿಗೇರಿದ್ದ ಕಾಲ.

ಗಂಡಿನವರು ಮಾಲೂರಿನವರು, ಅವರ ಅಂಗಡಿಯ ಗುರುತು ಹಸಿರು ಚುಕ್ಕೆ. ಗುರುತಿಲ್ಲದ ಕುರ್ಚಿ ಮೊದಲು ಹೊರಟ ಲಾರಿಯ ಪಾಲಾಗುತ್ತದೆ ಎಂಬ ನಿಯಮ ಶಾಮಿಯಾನದವರ ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಸಂಜೆಗೆ ಮಾಲೂರಿನ ಲಾರಿಯೂ ಇಲ್ಲ, ನನ್ನ ಕುರ್ಚಿಯೂ ಇಲ್ಲ. ಒಂದು ದಿನ ಕಳೆದರೆ ಪರೀಕ್ಷೆ.

ತೆಲುಗಿನ ತೀರ್ಪು ಈಗ ಬಂತು, ಈಗ ಬಂತು ಎಂದು ಕಾದೆ. ಮರುದಿನ ಮುಂಜಾವ ದೊಡ್ಡಪ್ಪ ಟೆಂಪೋ ಕೀ ತೆಗೆದುಕೊಂಡು, “ಹತ್ತಮ್ಮ” ಎಂದರು ಅಷ್ಟೆ.

ಬೆಳಗ್ಗೆ ಮಾಲೂರು ತಲುಪಿದಾಗ ಆ ಅಂಗಡಿಯ ಕುರ್ಚಿಗಳೆಲ್ಲ ಒಂದು ನಾಮಕರಣಕ್ಕೆ ಹೋಗಿದ್ದವು. ಪರಿಚಯವೇ ಇಲ್ಲದ ಮಗುವಿನ ನಾಮಕರಣದಲ್ಲಿ ದೊಡ್ಡಪ್ಪ ಅತಿಥಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಕುರ್ಚಿ ಮಗುಚಿ, ಕೈಮುಗಿದು ಮತ್ತೆ ಕೂರಿಸುತ್ತ ಹೋದರು. ಎಲ್ಲದರಲ್ಲೂ ಹಸಿರು ಚುಕ್ಕೆ. ಕೊನೆಗೆ ಕಂಬದ ಪಕ್ಕದ ಒಬ್ಬ ಅಜ್ಜ ಉಳಿದರು.

“ತಾತ, ಒಂದ್ನಿಮಿಷ ಎದ್ದೇಳ್ತೀರಾ?”

“ಯಾಕಪ್ಪ, ಎಲೆ ಹಾಕಿದ್ರಾ?”

“ಇಲ್ಲ, ಕುರ್ಚಿ ಅಡಿ ನೋಡ್ಬೇಕಿತ್ತು.”

“ಬಗ್ಗಿ ನೋಡ್ಕೊ. ಬೆಳಗ್ಗಿಂದ ಸುಮಾರು ಕುರ್ಚಿ ಬದಲಾಯ್ಸಿದೀನಿ, ನನ್ನ ಸೊಂಟ ಒಪ್ಪಿರೋದು ಇದೊಂದನ್ನೇ. ಊಟಕ್ಕೆ ಕರೆಯೋವರ್ಗೂ ನಾನ್ ಏಳಲ್ಲ.”

ದೊಡ್ಡಪ್ಪ ನೆಲಕ್ಕೆ ಕೈಯೂರಿ ಬಗ್ಗಿ ನೋಡಿದರು. ಅಡಿಯಲ್ಲಿ ಏನೂ ಇರಲಿಲ್ಲ. ನಾನು ಏನೋ ಹೇಳಹೊರಟಾಗ ತುಟಿಯ ಮೇಲೆ ಬೆರಳಿಟ್ಟು, ಅಜ್ಜನ ಪಕ್ಕ ನೆಲದ ಮೇಲೇ ಕುಳಿತುಬಿಟ್ಟರು. “ಕೂತ್ಕೊಳ್ಳಮ್ಮ, ಎಬ್ಬಿಸ್ಬೇಡ. ನಿನ್ನ ಪರೀಕ್ಷೆ ನಡೀತಾ ಇದೆ.”

ಮಾರನೆಯ ದಿನ ಪರೀಕ್ಷಕರು ಆ ಕುರ್ಚಿಯನ್ನು ಮಡಿಸಿದರು, ಬಿಡಿಸಿದರು, ಸರದಿಯಲ್ಲಿ ಕುಳಿತು ನೋಡಿದರು. ಬಳಸಿದವರ ಅಭಿಪ್ರಾಯವೇನೆಂದು ಕೇಳಿದಾಗ ಅಜ್ಜನ ಸೊಂಟದ ಮಾತನ್ನು ಇದ್ದ ಹಾಗೆಯೇ ಹೇಳಿದೆ. ಅವರ ನಗುವಿನಲ್ಲೇ ನಾನು ಪಾಸಾದದ್ದು ತಿಳಿಯಿತು.

ಘಟಿಕೋತ್ಸವದ ದಿನ ಅಪ್ಪ, ಅಮ್ಮ, ದೊಡ್ಡಪ್ಪ ಹೊಸ ಬಟ್ಟೆ ಉಟ್ಟು ಬಂದಿದ್ದರು. ನಮ್ಮ ಮನೆತನಕ್ಕೆ ಬಂದ ಮೊದಲ ಪದವಿಪತ್ರವನ್ನು ವೇದಿಕೆಯಿಂದ ಇಳಿದು ತಂದು ಮೊದಲು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರು ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಪತ್ರವನ್ನು ಮೆಲ್ಲಗೆ ಮಗುಚಿ ಹಿಂಭಾಗವನ್ನು ನೋಡಿದರು.

“ಹಿಂದ್ಗಡೆ ಗುರ್ತೇ ಇಲ್ವಲ್ಲಮ್ಮ,” ಎಂದರು. “ಮನೆಗೆ ನಡಿ, ಮೊದ್ಲು ಒಂದು ‘ರಾ’ ಹಾಕೋಣ. ಇದೂ ಮಾಲೂರಿಗೆ ಹೋದ್ರೆ ಹುಡ್ಕೋನು ನಾನೇ ತಾನೆ?”