ಲಾರಿಯ ಕಡಾಣಿ

ಯುದ್ಧ ನಡೆಯುತ್ತಿದ್ದ ಆ ವರ್ಷ ನಾನು ಲೋಯರ್ ಸೆಕೆಂಡರಿ ಮುಗಿಸಿ ಸವಳಂಗದ ಮನೆಯಲ್ಲಿದ್ದೆ. ದಿನಚರಿ ಬರೆಯುವ ಚಾಳಿ ಆಗಲೇ ಅಂಟಿಕೊಂಡಿತ್ತು. ಮಳೆ ಬಂದ ದಿನ, ಎಮ್ಮೆ ಕೊಟ್ಟ ಹಾಲು, ಶಿವಮೊಗ್ಗದ ರಸ್ತೆಯಲ್ಲಿ ಹೋದ ಮಿಲಿಟರಿ ಲಾರಿಗಳು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೆ.

"ಲಾರಿ ಎಣಿಸಿ ಯಾವ ಗಂಡನ್ನ ಹುಡುಕ್ತೀಯೇ?" ಎಂದು ಅವ್ವ ಹಂಗಿಸುತ್ತಿದ್ದಳು.

ಶ್ರಾವಣದ ಒಂದು ಸೋಮವಾರ ಆ ಲಾರಿಗಳಲ್ಲಿ ಒಂದು ನಮ್ಮ ಮನೆ ಮುಂದೆಯೇ ನಿಂತಿತು. ಟೈರು ಪಂಕ್ಚರ್ ಆಗಿತ್ತು. ಡ್ರೈವರ್ ಕೋಲಾರದ ಕಡೆಯವನು. ಒಬ್ಬನೇ ಇದ್ದ, ಚಳಿಜ್ವರದಿಂದ ನಡುಗುತ್ತಿದ್ದ. ಅಪ್ಪ ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುವವನು, ನೋಡುತ್ತಾ ನಿಲ್ಲಲಾಗದೆ ಕೈ ಹಾಕಿದ. ಪಾನಾ ಹಿಡಿದು ನಟ್ಟು ಬಿಚ್ಚುವುದನ್ನು ಡ್ರೈವರ್ ತೋರಿಸಿಕೊಟ್ಟ.

"ನೋಡಿ ಯಜಮಾನ್ರೇ, ನಿಮ್ಮ ಗಾಡಿ ಚಕ್ರಕ್ಕೆ ಒಂದೇ ಕಡಾಣಿ. ನಮ್ಮದಕ್ಕೆ ಆರು."

ಚಕ್ರ ಬದಲಾಯಿಸಿದ್ದೇ ತಡ, ಅವನು ನಮ್ಮ ಜಗಲಿಯ ಮೇಲೆ ಬಿದ್ದುಕೊಂಡ. ಮತ್ತೆ ಏಳಲಿಲ್ಲ. ಹಿಂದೆ ಬಂದ ಇನ್ನೊಂದು ಲಾರಿಯವರು ಶಿವಮೊಗ್ಗಕ್ಕೆ ಸುದ್ದಿ ಮುಟ್ಟಿಸುತ್ತೇವೆಂದು ಹೋದರು. ಸಂಜೆಯ ಹೊತ್ತಿಗೆ ಪಟೇಲರು ಬಂದರು.

"ಇದರ ಚಾವಿ ಎಲ್ಲೈತೆ?"

"ಚಾವಿ ಇಲ್ಲ ಸ್ವಾಮಿ," ಎಂದ ಡ್ರೈವರ್ ಕಂಬಳಿಯೊಳಗಿಂದ. "ಗುಂಡಿ ಒತ್ತಿದ್ರೆ ಹೊರಡುತ್ತೆ. ಯುದ್ಧದ ಗಾಡಿ, ಯಾರು ಬೇಕಾದ್ರೂ ಓಡಿಸೋ ಹಾಗಿರ್ಬೇಕು."

"ಕಳ್ಳರಿಗೂ ಅನುಕೂಲ ಮಾಡಿ ಕೊಟ್ಟಾರೆ, ಬಿಡು!" ಎಂದರು ಪಟೇಲರು. ಆದರೆ ನಗಲಿಲ್ಲ. ಜಗಳೂರು ಕಡೆ ಇಂಥದ್ದೇ ಲಾರಿಯೊಂದನ್ನು ಯಾರೋ ಓಡಿಸಿಕೊಂಡು ಹೋಗಿ, ಪೆಟ್ರೋಲು ಟೈರು ಎಲ್ಲ ಮಾರಿಕೊಂಡರೆಂಬ ಮಾತು ಊರೂರಲ್ಲಿ ಹಬ್ಬಿತ್ತು. ಅವರು ಅಪ್ಪನ ಕಡೆ ತಿರುಗಿದರು. "ನಿನ್ನ ಮನೆ ಮುಂದೆ ನಿಂತೈತೆ. ಕಾಯಾದು ನಿನ್ನ ಕೆಲಸ. ಲಾರಿ ಹೋದ್ರೆ ಅದರ ಹಿಂದೆ ನೀನೂ ಜೈಲಿಗೆ ಹೋಗ್ತೀಯ."

ಪ್ರತಿ ಸಂಜೆ ಎತ್ತು ಬಿಚ್ಚಿದ ಮೇಲೆ ಅಪ್ಪ ಗಾಡಿಯ ಕಡಾಣಿಗಳನ್ನು ಕಿತ್ತು ತಂದು ನಡುಮನೆಯ ಮೊಳೆಗೆ ತೂಗುಹಾಕುತ್ತಿದ್ದ. ಅಚ್ಚಿನ ತುದಿಯ ಆ ಕಬ್ಬಿಣದ ಕೀಲು ಇಲ್ಲದೆ ಗಾಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರ ಕಳಚುತ್ತದೆ. ಕದ್ದವನು ಅಲ್ಲೇ ಬಿಟ್ಟು ಓಡಬೇಕು. ಆ ಸಂಜೆ ಅವನು ಲಾರಿಯ ಮುಂದಿನ ಚಕ್ರದ ಆರೂ ನಟ್ಟುಗಳನ್ನು ಬಿಚ್ಚಿ, ಟವೆಲಿನಲ್ಲಿ ಗಂಟು ಕಟ್ಟಿ, ಅದೇ ಮೊಳೆಗೆ ಹಾಕಿದ. ಚಕ್ರ ಮಾತ್ರ ತನ್ನ ಜಾಗದಲ್ಲೇ ಕೆಸರು ಮೆತ್ತಿಕೊಂಡು ನಿಂತಿತ್ತು.

"ಡ್ರೈವರಿಗೆ ಹೇಳಿದ್ಯೇನಪ್ಪ?" ಎಂದು ಕೇಳಿದೆ.

"ಜ್ವರದಾಗೆ ಬಿದ್ದಿರೋನಿಗೆ ಏನು ಹೇಳಾದು? ಗಾಡಿ ಹೊಡೆಯೋನು ಕಡಾಣಿ ಮುಟ್ಟಿ ನೋಡ್ದಂಗೆ ಹೊರಡ್ತಾನೇನೆ?"

ಅದು ನಿಜವೇ ಆಗಿತ್ತು. ನಮ್ಮ ಕಡೆಯ ಯಾವ ಗಾಡಿಯವನೂ ನೊಗ ಎತ್ತುವ ಮೊದಲು ಎರಡೂ ಬದಿಯ ಅಚ್ಚಿನ ತುದಿಯನ್ನು ಕೈಯಿಂದ ಮುಟ್ಟದೆ ಇರುವುದಿಲ್ಲ. ನಾನು ದಿನಚರಿ ಬರೆಯಲು ಕೂತೆ.

ಮರುದಿನ ಡ್ರೈವರಿಗೆ ಗಂಜಿಯೂ ಇಳಿಯಲಿಲ್ಲ. ಅಪ್ಪ ಕ್ವಿನೈನ್ ಗುಳಿಗೆ ತರಲು ನ್ಯಾಮತಿಗೆ ನಡೆದು ಹೋದ. ಅವ್ವ ಹೊಲದಲ್ಲಿದ್ದಳು, ನಾನು ನೀರಿಗೆ ಹೋಗಿದ್ದೆ. ಅಷ್ಟರಲ್ಲಿ ಶಿವಮೊಗ್ಗದಿಂದ ಬೇರೊಬ್ಬ ಡ್ರೈವರ್ ಬಂದಿಳಿದಿದ್ದಾನೆ. ಜಗಲಿಯ ಮೇಲಿದ್ದವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಗುಂಡಿ ಒತ್ತಿ ಹೊರಟಿದ್ದಾನೆ.

ನಾನು ಕೊಡ ಇಳಿಸುವಾಗ ಲಾರಿಯ ಸದ್ದು ಮೋರಿಯ ಇಳಿಜಾರಿನ ಕಡೆಯಿಂದ ಕೇಳಿಸುತ್ತಿತ್ತು. ಜಗಲಿ ಬರಿದಾಗಿತ್ತು. ಒಳಗೆ ಮೊಳೆಯ ಮೇಲೆ ಟವೆಲಿನ ಗಂಟು ಹಾಗೆಯೇ ಇತ್ತು. ಅದನ್ನು ಕಿತ್ತುಕೊಂಡು, "ನಿಲ್ಸ್ರೀ, ನಿಲ್ಸ್ರೀ" ಎಂದು ಕೂಗುತ್ತಾ ಓಡಿದೆ. ಚಕ್ರ ಲಾರಿಯನ್ನು ಬಿಟ್ಟು ತಾನೊಂದೇ ಉರುಳಿ ಜೋಳದ ಹೊಲಕ್ಕೆ ನುಗ್ಗಿತು. ಲಾರಿ ಮುಗ್ಗರಿಸಿ ಮೋರಿಯ ಕಟ್ಟೆಗೆ ಗುದ್ದಿತು. ಹೊಸಬನ ಹಣೆ ಒಡೆದಿತ್ತು. ಜ್ವರದವನ ಬಲಗೈ ಮುರಿದಿತ್ತು.

ಸಂಜೆ ಚಾವಡಿಯಲ್ಲಿ ಊರೇ ಸೇರಿತ್ತು. ಹೊನ್ನಾಳಿಯ ಪೊಲೀಸ್ ದರೋಗರು ಬಂದಿದ್ದರು, ಪಕ್ಕದಲ್ಲಿ ಒಬ್ಬ ಮಿಲಿಟರಿ ಅಧಿಕಾರಿ. ಮೇಜಿನ ಮೇಲೆ ಆ ಆರು ನಟ್ಟುಗಳು. ಅಪ್ಪ ನ್ಯಾಮತಿಯಿಂದ ನೇರ ಅಲ್ಲಿಗೇ ಬಂದ. ಗುಳಿಗೆಯ ಪೊಟ್ಟಣ ಇನ್ನೂ ಕೈಯಲ್ಲಿತ್ತು.

"ಸರ್ಕಾರದ ಲಾರಿ ಕೆಡವಿದೋನು ಯಾರು?" ಎಂದರು ದರೋಗರು. "ಯುದ್ಧದ ಕಾಲದಲ್ಲಿ ಇದಕ್ಕೇನು ಶಿಕ್ಷೆ ಅಂತ ಗೊತ್ತೈತೇನ್ರೋ?"

ಅಪ್ಪ ಮುಂದೆ ಬಂದ. "ಸ್ವಾಮಿ, ಯಾರೂ ಕದೀಬಾರ್ದು ಅಂತ..."

"ನಾನೇ ಬಿಚ್ಚಿಸಿದ್ದು ಸಾರ್." ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಜ್ವರದ ಡ್ರೈವರ್ ಮಾತಾಡಿದ್ದ. "ಕಳ್ಳರ ಭಯ ಇತ್ತು. ಇವ್ರಿಗೆ ಬಿಚ್ಚೋಕೆ ಹೇಳ್ದೆ. ಬಂದವನಿಗೆ ತಿಳಿಸೋಕೆ ಮರೆತೆ."

"ಹೌದೇನಯ್ಯ?" ದರೋಗರು ಅಪ್ಪನನ್ನು ನೋಡಿದರು.

ಅಪ್ಪನ ಬಾಯಿ ತೆರೆದೇ ಇತ್ತು. ಹಿಂದಿನಿಂದ ಅವ್ವ ಅವನ ಅಂಗಿಯ ಚುಂಗು ಹಿಡಿದು ಎಳೆದದ್ದು ನನಗೆ ಕಂಡಿತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಲೆ ತಗ್ಗಿಸಿದ. ದರೋಗರು ಅದನ್ನು ಹೌದೆಂದೇ ಬರೆದುಕೊಂಡರು.

ಜ್ವರದ ಡ್ರೈವರನ್ನು ಕಾವಲಿನಲ್ಲಿ ಮಿಲಿಟರಿ ಜೀಪಿಗೆ ಹತ್ತಿಸಿದರು. ಅಪ್ಪ ಜೀಪಿನ ಬಳಿ ಹೋಗಿ ಗುಳಿಗೆಯ ಪೊಟ್ಟಣವನ್ನು ಅವನ ಎಡಗೈಯಲ್ಲಿ ಇಟ್ಟ.

"ಹಿಂಗ್ಯಾಕೆ ಹೇಳಿದಿ, ತಮ್ಮಾ?"

"ಕಡಾಣಿ ಮಾತು ಎತ್ತಿದವನು ನಾನೇ ಅಲ್ವಾ ಯಜಮಾನ್ರೇ," ಎಂದ ಅವನು. ಜೀಪು ಹೊರಟಿತು.

ಅವನಿಗೆ ಏನಾಯಿತೆಂದು ನಮಗೆ ತಿಳಿಯಲಿಲ್ಲ. ಅಪ್ಪ ಮುಂದಿನ ಶನಿವಾರ ಶಿವಮೊಗ್ಗಕ್ಕೆ ಹೋಗಿ ವಿಚಾರಿಸಿದ. ಹೆಸರು ಕೇಳಿದರು. ಅಪ್ಪನಿಗೆ ಅವನ ಹೆಸರೇ ಗೊತ್ತಿರಲಿಲ್ಲ.

ಯುದ್ಧ ಮುಗಿದಿದೆ, ಮಿಲಿಟರಿ ಲಾರಿಗಳು ಈಗ ಅಪರೂಪ. ಅಪ್ಪ ಇಂದಿಗೂ ಸಂಜೆ ಕಡಾಣಿ ಕೀಳುತ್ತಾನೆ. ಆದರೆ ಕಿತ್ತವನೇ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೂಗುತ್ತಾನೆ. "ಕಡಾಣಿ ತೆಗೆದೀನಿ, ಕೇಳಿಸ್ತೇನ್ರೇ?" ಅವ್ವ ಒಲೆಯ ಮುಂದಿನಿಂದ ಕೇಳಿಸಿತೆನ್ನಬೇಕು, ನಾನು ನಡುಮನೆಯಿಂದ ಕೇಳಿಸಿತೆನ್ನಬೇಕು. ಇಬ್ಬರೂ ಹೇಳುವ ತನಕ ಅವನು ಒಳಗೆ ಬರುವುದಿಲ್ಲ.