ಕೇಳಿಸಿಕೊಂಡೇ ಕಲಿಸಿದ ನೆಟ್‌ವರ್ಕಿಂಗ್ ಸರ್

ಕಳೆದ ವಾರ ಮಾದಾಪುರದ ನಮ್ಮ ಆಫೀಸಿನ ಸ್ಟೋರ್ ರೂಮು ಖಾಲಿ ಮಾಡುತ್ತಿದ್ದೆವು. ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡೋಣವೆಂದು ಹಳೆಯ ರೂಟರೊಂದಕ್ಕೆ ಕರೆಂಟ್ ಕೊಟ್ಟೆ. ಒಳಗಿನ ಫ್ಯಾನು ಕೆಮ್ಮುತ್ತ ತಿರುಗಿತು. ಸ್ವಲ್ಪ ಹೊತ್ತಿಗೆ ಕಾದ ಧೂಳಿನ ವಾಸನೆ ಎದ್ದಿತು. ಬಹಳ ದಿನದ ಮೇಲೆ ಇಸ್ತ್ರಿ ಪೆಟ್ಟಿಗೆ ಕಾಯಿಸಿದಾಗ ಬರುತ್ತದಲ್ಲ, ಅಂಥದ್ದು. ಧೂಳೊರೆಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಇದೇ ವಾಸನೆಯ ಅಮೀರಪೇಟೆಯ ಆ ಮೂರನೇ ಮಹಡಿಯ ಕೋಣೆ, ಕಿಟಕಿಯ ಕಡೆ ಮುಖ ಮಾಡಿ ನಿಂತ ನಮ್ಮ ಸರ್…

ಆಗ ನಾನು ಒಂದು ಕಂಪನಿಯಲ್ಲಿ ಪಾಸ್‌ವರ್ಡ್ ಮರೆತವರಿಗೆ ಫೋನಿನಲ್ಲಿ ಹೊಸದು ಕೊಡುವ ಕೆಲಸ ಮಾಡುತ್ತಿದ್ದೆ. ಬೆಳಗ್ಗೆಯಿಂದ ಸಂಜೆವರೆಗೆ ಅದೇ. ನೆಟ್‌ವರ್ಕ್ ತಂಡಕ್ಕೆ ಹೋಗಬೇಕೆಂಬ ಆಸೆ ಬಹಳವಿತ್ತು. ಸರ್ಟಿಫಿಕೇಟ್ ತಂದರೆ ಮಾತ್ರ ನೋಡೋಣ ಎಂದಿದ್ದರು ಮ್ಯಾನೇಜರ್. ಓದಿ ಉತ್ತರ ಆರಿಸುವ ಪರೀಕ್ಷೆಯನ್ನು ಸಲೀಸಾಗಿ ಮುಗಿಸಿದ್ದೆ. ಉಳಿದದ್ದು ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಕೆಟ್ಟು ಕೂತ ನೆಟ್‌ವರ್ಕ್ ಒಂದನ್ನು ಎದುರಿಗಿಟ್ಟು, ಹೊತ್ತು ಮುಗಿಯುವುದರೊಳಗೆ ಸರಿಮಾಡು ಎನ್ನುತ್ತಾರೆ. ಅದರಲ್ಲಿ ಒಮ್ಮೆ ಸೋತಿದ್ದೆ. ಗೊತ್ತಿರಲಿಲ್ಲ ಅಂತಲ್ಲ. ಯಂತ್ರ ಎದುರಿಗೆ ಬಂದರೆ ಗೊತ್ತಿದ್ದದ್ದೆಲ್ಲ ಒಟ್ಟಿಗೇ ನುಗ್ಗಿ ಬಂದು ಬೆರಳು ಕಟ್ಟಿಹಾಕುತ್ತಿತ್ತು.

ಅಮೀರಪೇಟೆಯ ತರಬೇತಿ ಕೇಂದ್ರಕ್ಕೆ ಸೇರಿದ ಮೊದಲ ದಿನವೇ ಕಮಾಂಡ್ ಒಂದು ಕೈಕೊಟ್ಟಿತು. ಸುತ್ತ ಎಲ್ಲರೂ ತೆಲುಗಿನವರು, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, “ಇದರ ಮನೀ ಹಾಳಾಗ!” ಎಂದೆ.

ಕಿಟಕಿಯ ಹತ್ತಿರದಿಂದ ನಗು ಕೇಳಿಸಿತು. “ಯಾವ ಊರವ್ವ ನಿಂದು?”

ನಾಲಿಗೆ ಕಚ್ಚಿಕೊಂಡೆ. “ರಾಯಚೂರು ರೀ ಸರ.”

“ನಂದು ಸಿಂಧನೂರ. ಮಷೀನಿಗೆ ಬೈಯಬ್ಯಾಡ. ಅದು ಏನೋ ಹೇಳಾಕತ್ತೈತಿ, ಅದನ್ನ ಓದು.”

ಸರ್ ಐವತ್ತು ದಾಟಿದವರು. ದಿನವೂ ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ತೋಳಿನ ಗುಂಡಿ ಸದಾ ಹಾಕಿದ್ದು. ತಮ್ಮ ಬಗ್ಗೆ ತಮಗೇ ಒಂದಿಷ್ಟು ಜಂಬವಿತ್ತು, ಅದನ್ನು ಮುಚ್ಚಿಡುವವರೂ ಅಲ್ಲ. ಅವರು ಕಲಿಸುವ ರೀತಿ ವಿಚಿತ್ರ. ನಮ್ಮ ಕಂಪ್ಯೂಟರಿನ ಹತ್ತಿರ ಬರುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ನಿಂತು, ತೆರೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಒಂದು ಸಾಲು ಓದಿ, “ಬಹುಶಃ ವಿಳಾಸ ತಪ್ಪೈತಿ ಸರ” ಎಂದರೆ ರೇಗುತ್ತಿದ್ದರು. “ನೀ ಏನ್ ಅನಕೊಂಡಿ ಅಂತ ನಾ ಕೇಳಿಲ್ಲ. ಏನ್ ಬರದೈತಿ ಅಷ್ಟ ಓದು.” ಅದೊಂದು ಶಿಸ್ತು ಎಂದೇ ಎಲ್ಲರೂ ತಿಳಿದಿದ್ದೆವು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಎದುರಿಗೇ ಬಸ್ಸು ಬಂದು ನಿಂತಿತು, ಹಣೆಯ ಮೇಲೆ ಸಿಕಂದರಾಬಾದ್ ಎಂದು ದೊಡ್ಡ ಅಕ್ಷರಗಳು ಹೊಳೆಯುತ್ತಿದ್ದವು. ಅವರ ಮನೆ ಇದ್ದದ್ದು ಅಲ್ಲಿಯೇ. “ಅವ್ವಾ, ಇದು ಎಲ್ಲಿಗೆ ಹೋಗತೈತಿ?” ಎಂದು ಮೆಲ್ಲಗೆ ಕೇಳಿದರು. ನಾನು ಅವರ ಮುಖ ನೋಡಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

“ಕಣ್ಣಾಗ ನಡುವಿನ ನೋಟ ಹೋಗೇತಿ, ಸುತ್ತಲಿನದು ಅಷ್ಟ ಉಳದೈತಿ. ನಿನ್ನ ಜಡಿ ಕಾಣತೈತಿ, ಮಾರಿ ಕಾಣಂಗಿಲ್ಲ. ಡಾಕ್ಟರು ಇನ್ನ ತಿರುಗಿ ಬರಂಗಿಲ್ಲ ಅಂದಾರ.”

“ಸೆಂಟರಿನ ಮಾಲೀಕರಿಗೆ ಗೊತ್ತೈತೇನ್ರಿ ಸರ?”

“ಗೊತ್ತಾದ ದಿನ ನನ್ನ ಕ್ಲಾಸ್ ಮುಗೀತವ್ವ.”

ಬಸ್ಸು ಹತ್ತಿಸಿದೆ. ಮರುದಿನದಿಂದ ಅವರ ಹತ್ತಿರದ ಬೆಂಚಿನಲ್ಲೇ ಕೂರತೊಡಗಿದೆ. ಬೇರೆಯವರ ತೆರೆಯ ಮೇಲಿದ್ದದ್ದನ್ನೂ ಅವರಿಗೆ ಓದಿ ಹೇಳುತ್ತಿದ್ದೆ. ಬರಬರುತ್ತ ನನ್ನ ಅವಸರ ಇಳಿಯಿತು. ಗಟ್ಟಿಯಾಗಿ ಓದುವವರಿಗೆ ಸಾಲು ಹಾರಿಸಲು ಆಗುವುದಿಲ್ಲವಲ್ಲ!

ಆದರೆ ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಹೊಸ ವೇಳಾಪಟ್ಟಿಯ ಹಾಳೆಯನ್ನು ಮಾಲೀಕರು ಕೈಗೆ ಕೊಟ್ಟಾಗ ಸರ್ ಅದನ್ನು ತಲೆಕೆಳಗಾಗಿ ಹಿಡಿದರು. ಮಾಲೀಕರು ಕೆಟ್ಟವರಲ್ಲ. ಆದರೂ ತೆರೆ ಕಾಣದವರು ಲ್ಯಾಬ್ ಹೇಗೆ ನಡೆಸುತ್ತೀರಿ ಸಾರ್, ಫೀಸು ಕಟ್ಟಿದವರಿಗೆ ನಾನೇನು ಹೇಳಲಿ, ಎಂದು ಎಲ್ಲರ ಎದುರೇ ತೆಲುಗಿನಲ್ಲಿ ಕೇಳಿಬಿಟ್ಟರು. ಬೇರೊಬ್ಬ ಶಿಕ್ಷಕರನ್ನು ಆಗಲೇ ಕರೆಸಿದ್ದರಂತೆ. ಸರ್ ಗೋಗರೆಯಲಿಲ್ಲ. ಆ ಹೊಸಬರೇ ಬಂದು ನೆಟ್‌ವರ್ಕ್ ಕೆಡಿಸಿಡಲಿ, ನಾನು ಹುಡುಕುತ್ತೇನೆ, ಆಗದಿದ್ದರೆ ನಾನೇ ಹೋಗುತ್ತೇನೆ ಎಂದರು.

ಮರುದಿನ ಬೆಳಗ್ಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ತರಗತಿಯವರೂ ಬಂದು ಗೋಡೆಗೆ ಒತ್ತಿ ನಿಂತಿದ್ದರು. ಸರ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ಕೀಬೋರ್ಡಿನ ಮುಂದೆ ನಾನು. ಈ ಕಡೆ ಒಂದು ಕಂಪ್ಯೂಟರು, ಆ ಕಡೆ ಒಂದು, ನಡುವೆ ಸಂದೇಶಕ್ಕೆ ದಾರಿ ತೋರಿಸುವ ಎರಡು ರೂಟರು; ಈ ಕಡೆಯಿಂದ ಕರೆದರೆ ಆ ಕಡೆಯಿಂದ ಉತ್ತರವೇ ಇಲ್ಲ. ಹೊಸ ಶಿಕ್ಷಕರು ಕೈಕಟ್ಟಿ ನಗುತ್ತಿದ್ದರು.

“ದೀಪ ಎಲ್ಲಾ ಹಸಿರ ಅದಾವೇನು?”

“ಹೌದು ರೀ ಸರ.”

“ಮೊದಲನೇ ರೂಟರಿಗೆ ಗೊತ್ತಿರೋ ದಾರಿ ಓದು.”

ಓದಿದೆ. ಎಲ್ಲ ಸರಿಯಾಗಿಯೇ ಇತ್ತು. ಎರಡನೇ ಸಲ ಓದಿಸಿದರು. ಮಾಲೀಕರು ಗಡಿಯಾರ ನೋಡಿಕೊಂಡರು.

“ಈಗ ಎರಡನೇದಕ್ಕ ಹೋಗು. ಅದಕ್ಕ ಗೊತ್ತಿರೋ ದಾರಿ ಓದು.”

ಅಲ್ಲಿದ್ದದ್ದು ಕೆಲವೇ ಸಾಲು. ಓದಿ ನಿಲ್ಲಿಸಿದೆ.

“ಮತ್ತ?”

“ಇಷ್ಟ ರೀ ಸರ.”

ಅವರ ಮುಖ ಅರಳಿತು. ಮಾಲೀಕರ ದನಿ ಇದ್ದ ಕಡೆ ತಿರುಗಿ ತೆಲುಗಿನಲ್ಲಿ ಬಿಡಿಸಿ ಹೇಳಿದರು. ನಾವು ಕಳಿಸಿದ ಸಂದೇಶ ಆ ತುದಿ ಮುಟ್ಟಿದೆ, ಅಲ್ಲಿಯ ಕಂಪ್ಯೂಟರು ಉತ್ತರವನ್ನೂ ಕೊಟ್ಟಿದೆ, ಆದರೆ ಅದು ಮರಳಿ ಬರುವ ದಾರಿ ಎರಡನೇ ರೂಟರಿಗೆ ತಿಳಿಯದು, ಆ ಸಾಲನ್ನು ಹೊಸಬರು ಅಳಿಸಿದ್ದಾರೆ, ಎಂದು. ಆಮೇಲೆ ನನಗೆ ಕಮಾಂಡ್ ಹೇಳಿದರು. ಟೈಪ್ ಮಾಡಿ ಮತ್ತೆ ಕರೆದೆ. ಉತ್ತರಗಳು ಒಂದರ ಕೆಳಗೊಂದು ಬರತೊಡಗಿದವು. “ಬಂತು ರೀ ಸರ, ಬರಾಕತ್ತಾವ!” ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಹುಡುಗರು ಬೆಂಚು ಬಡಿಯುತ್ತ ಕೋಣೆ ಎಬ್ಬಿಸಿಬಿಟ್ಟಿದ್ದರು. ಮೊದಲು ಬಂದು ಕೈಹಿಡಿದವರು ಆ ಹೊಸ ಶಿಕ್ಷಕರೇ. ಮಾಲೀಕರು, “ಕ್ಲಾಸು ಮೀದೇ ಸಾರ್, ನಿಮ್ಮದೇ” ಎಂದು ತೆಲುಗಿಗೆ ಕನ್ನಡ ಬೆರೆಸಿ ಹೇಳಿದರು. ಸರ್ ತೋಳಿನ ಗುಂಡಿ ಮುಟ್ಟಿ ನೋಡಿಕೊಂಡು, “ಇನ್ನೊಂದೀಟು ಕಠಿಣದ್ದು ಇಡಬೇಕಿತ್ತು” ಎಂದರು.

ಕೆಲವು ವಾರಗಳಲ್ಲಿ ನನ್ನ ಪರೀಕ್ಷೆ ಬಂತು. ಯಂತ್ರದ ಮುಂದೆ ಕೂತವಳು ರೂಢಿಯಂತೆ ಗಟ್ಟಿಯಾಗಿ ಓದಲು ಶುರುಮಾಡಿದೆ. ಮೇಲ್ವಿಚಾರಕಿ ಓಡಿ ಬಂದು, “ಮೇಡಮ್, ಬಾತ್ ನಹೀ ಕರ್ನಾ!” ಎಂದು ಹಿಂದಿಯಲ್ಲಿ ಗದರಿಸಿ ಬಾಯಿ ಮುಚ್ಚಿಸಿದಳು. ಸುತ್ತಲಿನವರು ನಕ್ಕರು. ಅಲ್ಲಿಂದ ತುಟಿಯಷ್ಟೇ ಆಡಿಸುತ್ತ ಓದಿದೆ. ಕೈ ಕಟ್ಟಿಹೋಗಲಿಲ್ಲ. ಒಂದೊಂದೇ ತಪ್ಪು ತಾನಾಗಿ ಎದ್ದು ಬಂದು ಕೈಗೆ ಸಿಕ್ಕಿತು. ಕೊನೆಯದನ್ನು ಸರಿಮಾಡಿ ತಲೆ ಎತ್ತಿದಾಗ ಇನ್ನೂ ಹೊತ್ತು ಉಳಿದಿತ್ತು.

ಫಲಿತಾಂಶ ನೋಡಿ ಮೆಟ್ಟಿಲಿಳಿಯುತ್ತಲೇ ಫೋನ್ ಮಾಡಿದೆ. “ಸರ, ಪಾಸಾದೆ ರೀ!”

“ಹೊಡದಳು ನೋಡ್ರಿ ನಮ್ಮ ರಾಯಚೂರು ಹುಡುಗಿ!” ಎಂದು ಅವರು ತರಗತಿಯಲ್ಲೇ ಕೂಗಿದರು. ಕನ್ನಡ ಬಾರದ ಹುಡುಗರೆಲ್ಲ ಸುಮ್ಮನೆ ಚಪ್ಪಾಳೆ ತಟ್ಟಿದ್ದು ಫೋನಿನಲ್ಲಿ ಕೇಳಿತು. ನಾನು ರಸ್ತೆಯ ನಡುವೆ ನಿಂತು ನಗುತ್ತ ಅಳುತ್ತಿದ್ದೆ. ಆಟೋದವನು ಹಾರ್ನ್ ಹೊಡೆದು ಬೈದ.

ನೆಟ್‌ವರ್ಕ್ ತಂಡಕ್ಕೆ ಸೇರಿದೆ. ಸರ್ ಅದೇ ಕೋಣೆಯಲ್ಲಿ ವರ್ಷಗಟ್ಟಲೆ ಕಲಿಸಿದರು. ಉಳಿದಿದ್ದ ಅಂಚಿನ ನೋಟವೂ ಹೋಯಿತು, ತರಗತಿ ಮಾತ್ರ ತುಂಬಿಯೇ ಇತ್ತು. ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ಸಿಕಂದರಾಬಾದಿನ ಅವರ ಮನೆಗೆ ಹೋದಾಗ ಓಣಿಯ ತುಂಬ ಬೈಕುಗಳು. ಕೊರಳಲ್ಲಿ ಒಂದೊಂದು ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡವರು ಕೆಲಸದಿಂದ ನೇರ ಬಂದು ಬಿಸಿಲಲ್ಲೇ ನಿಂತಿದ್ದರು…

ಮೊನ್ನೆ ಇನ್ನೂ ಮೇಲಿನ ಹಂತದ ಲ್ಯಾಬ್ ಪರೀಕ್ಷೆ ಗೆದ್ದೆ. ಬಹಳ ದಿನದ ಕನಸು. ಆಫೀಸಿನಲ್ಲಿ ಕೇಕ್ ತಂದರು. ಫೋನಿನಲ್ಲಿ ಅಮ್ಮ ಖುಷಿಗೆ ಮಾತೇ ಹೊರಡದೆ, “ಉಂಡೀಯಿಲ್ಲೋ?” ಎಂದಳು. ನನ್ನ ಕಾಲೂ ದಿನವಿಡೀ ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಮೆಟ್ರೋದಲ್ಲಿ ಕೂತಾಗ ಮಾತ್ರ, ಮೊದಲ ಕೇಬಲ್‌ನಿಂದ ಕೊನೆಯ ಕೇಬಲ್‌ವರೆಗೆ ಎಲ್ಲವನ್ನೂ ಒಂದೂ ಬಿಡದೆ ಯಾರಿಗಾದರೂ ಹೇಳಬೇಕೆನ್ನಿಸಿತು. ಕೇಳುವವರು ಒಬ್ಬರೇ ಇದ್ದರು. ಅವರಿಲ್ಲ.