ಅಗಲಮ್ಮ ಮರೆತ ಅಗಲ

ಕಚೇರಿಯಲ್ಲಿ ಅವಳಿಗೆ ಅಗಲಮ್ಮ ಎಂದು ಹೆಸರು ಬಿದ್ದದ್ದು ಮೈಕಟ್ಟಿನಿಂದಲ್ಲ. ಆಕೆ ನೋಡಲು ಕಡ್ಡಿಪೈಲ್ವಾನ್. ಯಾರು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ತಂದರೂ ಅವಳು ಮೊದಲು ಕೇಳುತ್ತಿದ್ದುದು ಒಂದೇ: “ಈ ಇಂಟ್ ಎಷ್ಟು ಅಗಲ?” ಇಂಟ್ ಎಂದರೆ ಪೂರ್ಣಾಂಕವನ್ನು ಇಡುವ ಜಾಗ. ಅದು ಇಷ್ಟೇ ಅಗಲವಿರಬೇಕೆಂದು ಸಿ ಭಾಷೆ ಕಟ್ಟುನಿಟ್ಟು ಮಾಡಿಲ್ಲ. ಒಂದು ಚಿಪ್‌ನಲ್ಲಿ ಹದಿನಾರು ಬಿಟ್, ಅಂದರೆ ಹದಿನಾರು ಅಂಕೆಗಳ ಜಾಗ, ಇನ್ನೊಂದರಲ್ಲಿ ಮೂವತ್ತೆರಡು. “ಇಲ್ಲಿ ಓಡಿದ್ದು ಅಲ್ಲಿ ಮುಗ್ಗರಿಸುತ್ತೆ. ಅಗಲ ಹೆಸರಲ್ಲೇ ಇರ್ಬೇಕು,” ಎಂದು ತಲೆ ತಿನ್ನುತ್ತಿದ್ದಳು. ಹೊಸಬರು ಎದುರಿಗೆ ತಿದ್ದಿಕೊಂಡು ಬೆನ್ನ ಹಿಂದೆ ನಗುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು, ಎರಡೂ ಇಷ್ಟವೇ ಆಗಿತ್ತು.

ಆ ಕಂಪನಿ ತಯಾರಿಸುತ್ತಿದ್ದುದು ಉಸಿರು ಕಾಯುವ ಪೆಟ್ಟಿಗೆ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯವರು ಎದೆಗೆ ಅದರ ಪಟ್ಟಿ ಕಟ್ಟಿಕೊಂಡು ಮಲಗುತ್ತಾರೆ. ಇಪ್ಪತ್ತು ಸೆಕೆಂಡು ಎದೆ ಏಳದಿದ್ದರೆ ಪೆಟ್ಟಿಗೆ ಬಾಯಿ ಬಡಿದುಕೊಂಡು ಎಬ್ಬಿಸುತ್ತದೆ. ಅಗಲಮ್ಮನ ಅಕ್ಕನಿಗೂ ಅದೇ ಕಾಯಿಲೆ. ಹಳೆಯ ಚಿಪ್ ಪೇಟೆಯಿಂದ ಮಾಯವಾದಾಗ ಪೆಟ್ಟಿಗೆಯ ಪ್ರೋಗ್ರಾಮನ್ನು ಹೊಸ ಚಿಪ್‌ಗೆ ದಾಟಿಸುವ ಕೆಲಸ ಅಗಲಮ್ಮನಿಗೇ ಬಂತು. ಇನ್ಯಾರಿಗೆ ಬರಬೇಕು?

ಅವಳು ಹೇನು ಹೆಕ್ಕುವಂತೆ ಒಂದೊಂದೇ ಇಂಟ್ ಹುಡುಕಿ ತೆಗೆದು, ಹದಿನಾರು ಎಂದು ಹೆಸರಲ್ಲೇ ಬರೆದಿರುವ ಪಕ್ಕಾ ಅಗಲದ ಜಾಗಗಳನ್ನು ಕೂರಿಸಿದಳು. ಟೆಸ್ಟರ್ ಪೆಟ್ಟಿಗೆ ಆನ್ ಮಾಡಿ, ಪಟ್ಟಿ ಕಟ್ಟಿಕೊಂಡು ಉಸಿರು ಬಿಗಿ ಹಿಡಿದ. ಕೂಗಿತು. ಆಫ್ ಮಾಡಿ ಆನ್ ಮಾಡಿ ಮತ್ತೆ ಹಿಡಿದ. ಮತ್ತೆ ಕೂಗಿತು. ಮಾರಾಟಕ್ಕೆ ಮುಂಚೆ ನಾಲ್ಕಾರು ಮನೆಗಳಲ್ಲಿ ಇಟ್ಟು ನೋಡೋಣವೆಂದರು ಮ್ಯಾನೇಜರ್. ಒಂದನ್ನು ಅಗಲಮ್ಮ ತಾನೇ ಹೊತ್ತು ಅಕ್ಕನ ಮಂಚದ ಪಕ್ಕ ಇಟ್ಟು ಬಂದಳು.

ವಾರ ಕಳೆದ ಮೇಲೆ ಹೋದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು.

“ನಿನ್ನ ಹೊಸ ಪೆಟ್ಟಿಗೆ ಬಂಗಾರ ಕಣೇ. ಹಳೇದು ರಾತ್ರಿಯೆಲ್ಲ ಪ್ರಾಣ ತಿಂತಿತ್ತು. ಇದು ಪಾಪ, ಅಷ್ಟೊಂದು ಕೂಗಲ್ಲ. ಕಾಯಿಲೆ ಇಳೀತಿದೆಯೋ ಏನೋ.”

ಅಗಲಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಪೆಟ್ಟಿಗೆ ಬದಲಾಯಿಸಿದ ಮಾತ್ರಕ್ಕೆ ಇಳಿಯುವ ಕಾಯಿಲೆಯಲ್ಲ ಅದು. ಅವಳು ಅಲ್ಲೇ ಮಂಚದ ಮೇಲೆ ಕೂತು ಪಟ್ಟಿಯನ್ನು ತನ್ನ ಎದೆಗೆ ಕಟ್ಟಿಕೊಂಡು ಉಸಿರು ಹಿಡಿದಳು. ಪೆಟ್ಟಿಗೆ ಕೂಗಿತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹಿಡಿದಳು. ಈ ಸಲ ಕೂಗಲಿಲ್ಲ. ಕೂಗೀತೆಂದು ಕಾದಳು, ಮುಖ ಕೆಂಪಾಯಿತು, ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಕೊನೆಗೆ ತಡೆಯಲಾರದೆ ಬಾಯಿ ತೆರೆದಳು. ಪೆಟ್ಟಿಗೆ ತೆಪ್ಪಗೆ ಕೂತಿತ್ತು.

“ಏನೇ, ಈ ವಯಸ್ಸಲ್ಲಿ ಆಟ ಆಡ್ತಿದ್ದೀಯ?” ಎಂದಳು ಅಕ್ಕ.

ಅಗಲಮ್ಮನಿಗೆ ಹೆದರಿಕೆಯಾಗಿತ್ತು. ಅಟ್ಟಕ್ಕೆ ಹಾಕಿದ್ದ ಹಳೆಯ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಜೋಡಿಸಿಕೊಟ್ಟಳು. ಹೊಸದನ್ನು ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ಹೊರಟಳು.

ತಪ್ಪು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೆಟ್ಟಿಗೆಯೊಳಗಿನ ಗಡಿಯಾರ ಹದಿನಾರು ಬಿಟ್ ತುಂಬುವವರೆಗೆ ಎಣಿಸಿ, ನಿಮಿಷಕ್ಕೊಮ್ಮೆ ಎನ್ನಬಹುದು, ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಈಗಿನ ಎಣಿಕೆಯಲ್ಲಿ ಕೊನೆಯ ಉಸಿರಿನ ಎಣಿಕೆ ಕಳೆದರೆ ಉಸಿರು ನಿಂತು ಎಷ್ಟು ಹೊತ್ತಾಯಿತೆಂದು ತಿಳಿಯುತ್ತದೆ. ನಡುವೆ ಗಡಿಯಾರ ಸೊನ್ನೆಗೆ ಮರಳಿದ್ದರೂ ಹಳೆಯ ಚಿಪ್‌ನಲ್ಲಿ ತೊಂದರೆಯಿರಲಿಲ್ಲ. ಉತ್ತರವೂ ಹದಿನಾರು ಬಿಟ್‌ನೊಳಗೇ ಸುತ್ತಿಕೊಂಡು ಸರಿಹೋಗುತ್ತಿತ್ತು. ಹೊಸ ಚಿಪ್‌ನಲ್ಲೂ ಎರಡೂ ಎಣಿಕೆಗಳ ಅಗಲ ಹದಿನಾರೇ, ಅದನ್ನು ಅವಳು ಕಾಪಾಡಿದ್ದಳು. ಆದರೆ ಇಂಟ್‌ಗಿಂತ ಕಿರಿದಾದ ಸಂಖ್ಯೆಗಳನ್ನು ಸಿ ಭಾಷೆ ಲೆಕ್ಕಕ್ಕೆ ತೆಗೆದುಕೊಳ್ಳುವಾಗ ಇಂಟ್‌ನ ಅಗಲಕ್ಕೆ ಹಿಗ್ಗಿಸಿಬಿಡುತ್ತದೆ. ಹಳೆಯ ಚಿಪ್‌ನಲ್ಲಿ ಇಂಟ್ ಹದಿನಾರೇ ಬಿಟ್, ಹೊಸದರಲ್ಲಿ ಮೂವತ್ತೆರಡು. ನಡುವೆ ಗಡಿಯಾರ ಸೊನ್ನೆಗೆ ಮರಳಿದ್ದರೆ ಅಷ್ಟು ಅಗಲದಲ್ಲಿ ಕಳೆದ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ಸೊನ್ನೆಗಿಂತ ಕೆಳಗಿನ ಸಂಖ್ಯೆ ಇಪ್ಪತ್ತು ಸೆಕೆಂಡಿನ ಗೆರೆ ದಾಟುವುದೆಲ್ಲಿ ಬಂತು? ಟೆಸ್ಟರ್ ಪ್ರತಿ ಸಲವೂ ಆಗ ತಾನೇ ಆನ್ ಮಾಡಿದ ಪೆಟ್ಟಿಗೆಯಲ್ಲಿ ಪರೀಕ್ಷಿಸಿದ್ದ. ಗಡಿಯಾರ ಇನ್ನೂ ಸುತ್ತು ಮುಗಿಸಿರುತ್ತಿರಲಿಲ್ಲ.

ಈ ನಿಯಮ ಅವಳಿಗೆ ಗೊತ್ತಿರದ್ದೇನಲ್ಲ. ಹೊಸಬರಿಗೆ ಬಾಯಿಪಾಠ ಮಾಡಿಸಿದವಳೇ ಅವಳು. ಹೆಸರಿದ್ದ ಸಂಖ್ಯೆಗಳಿಗೆಲ್ಲ ಅಗಲ ಕೇಳಿದ್ದಳು. ಕಳೆದು ಬಂದ ಉತ್ತರಕ್ಕೆ ಹೆಸರಿರಲಿಲ್ಲ, ಅದನ್ನು ಕೇಳುವುದು ಮರೆತಿದ್ದಳು. ಉತ್ತರವನ್ನು ಹದಿನಾರಕ್ಕೆ ಇಳಿಸುವ ಒಂದೇ ಒಂದು ಪದ ಸೇರಿಸಿದ್ದಕ್ಕೆ ಎಲ್ಲ ಸರಿಯಾಯಿತು. ಎಲ್ಲರೆದುರು ಮ್ಯಾನೇಜರಿಗೆ “ತಪ್ಪು ನಂದೇ ಸರ್” ಎಂದಳು. ಅವರು ಆ ಕ್ಷಣವೇ ಉಳಿದ ಮನೆಗಳಿಗೆ ಫೋನ್ ಮಾಡಿ ಪೆಟ್ಟಿಗೆಗಳನ್ನು ವಾಪಸ್ ತರಿಸಿದರು. ಹೊಸಬರು ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಸರಿಮಾಡಿದ ಪೆಟ್ಟಿಗೆಯೊಂದಿಗೆ ಅಕ್ಕನ ಮನೆಗೆ ಹೋದಳು. ಏನೋ ರಿಪೇರಿ ಅಂದಿದ್ದರೆ ಮುಗಿಯುತ್ತಿತ್ತು, ಅಕ್ಕ ಕೆದಕುವವಳಲ್ಲ. ಆದರೂ ಹೇಳಿದಳು.

“ಆ ವಾರ ನಿನ್ ಕಾಯಿಲೆ ಇಳಿದಿರ್ಲಿಲ್ಲ ಅಕ್ಕ. ಉಸಿರು ಮೂರು ಸಲ ನಿಂತ್ರೆ ಒಂದ್ಸಲ ಇದು ಸುಮ್ನೆ ಇರ್ತಿತ್ತು. ನಾನು ಬರೆದಿದ್ದು ತಪ್ಪಾಗಿತ್ತು.”

ಅಕ್ಕ ದಿಂಬಿನ ಕವರು ಎಳೆದು ಸರಿಮಾಡಿದಳು. “ಸುಮ್ನಿದ್ದಾಗ? ಉಸಿರು ತಾನಾಗೇ ಬಂತಾ?”

“ಬಂತು.”

“ಬರ್ದೇ ಇದ್ದಿದ್ರೆ?”

ಅಕ್ಕ ಎರಡು ಏಟು ಕೊಟ್ಟಿದ್ದರೂ ಅಗಲಮ್ಮ ಬೇಡವೆನ್ನುತ್ತಿರಲಿಲ್ಲ. ಅಕ್ಕ ಬೈಯಲೂ ಇಲ್ಲ. ಯಾವುದೋ ಊರಿಗೆ ಹೋಗಿ ಬಂದದ್ದನ್ನು ನೆನೆಯುವವಳಂತೆ ಹೇಳಿದಳು:

“ಎಷ್ಟೋ ವರ್ಷದ ಮೇಲೆ ಹಾಯಾಗಿ ನಿದ್ದೆ ಮಾಡಿದ್ದೆ ಕಣೇ, ಆ ವಾರ.”

ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದಳು. “ಇನ್ಮೇಲೆ ಪ್ರತಿ ಸಲಾನೂ ಎಬ್ಬಿಸುತ್ತಾ?”

“ಪ್ರತಿ ಸಲಾನೂ.”

ಅಕ್ಕ ಎರಡೂ ತೋಳು ಮೇಲೆತ್ತಿ ನಿಂತಳು. “ಸರಿ, ಕಟ್ಟು,” ಎಂದಳು.